ಹತ್ತು ಕೆಜಿ ಮೀಸೆ

ಒಂದು ಮಿರ್ಚಿ ಹತ್ತು ಕೆಜಿ ತೂಗುತ್ತದೆ ಎಂಬ ವಿಷಯ ಮರುಳಸಿದ್ದಪ್ಪನಿಗೆ ತಿಳಿದದ್ದು ಫೆಬ್ರವರಿ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ಅದೂ ಇಪ್ಪತ್ತು ಮಂದಿ ಲಾರಿ ಡ್ರೈವರುಗಳ ಎದುರಿಗೆ.

ಹಿಂದಿನ ಸಂಜೆ ಅವನು ತಿಂದದ್ದು ಒಂದೇ ಮಿರ್ಚಿ. ಹಾಗಂತ ಅವನು ಹೇಳುತ್ತಾನೆ. ಮಿರ್ಚಿ ಕರಿಯುವ ಎಲ್ಲಮ್ಮನನ್ನು ಕೇಳಿದರೆ ಏಳು ಅನ್ನುತ್ತಾಳೆ. ಎಲ್ಲಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಆದರೆ ಮರುಳಸಿದ್ದಪ್ಪ ಕೆಲಸ ಮಾಡುವುದು ಕಾಟಾದಲ್ಲಿ, ಅಲ್ಲಿ ಲೋಡು ಏಳಿದ್ದರೆ ಚೀಟಿಯಲ್ಲಿ ಒಂದು ಅಂತ ಬರೆಯುವುದು ಮೊದಲಿನಿಂದ ಬಂದ ವಾಡಿಕೆ.

ಕಾಟಾ ಅಂದರೆ ಲಾರಿ ತೂಗುವ ವೇಬ್ರಿಡ್ಜು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಕೆಂಪು ಧೂಳು ಕುಡಿದು ಎಲೆಯೆಲ್ಲ ಕೆಂಪಾದ ಎರಡು ಬೇವಿನ ಮರಗಳ ನಡುವೆ ಅದು ಇತ್ತು. ಅದಿರಿನ ಕಾಲ ಅದು. ಗುಡ್ಡಕ್ಕೆ ಗುಡ್ಡವೇ ಲಾರಿ ಹತ್ತಿ ಚೀನಾಕ್ಕೆ ಹೊರಟಿತ್ತು. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲಬೇಕು, ಗಾಜಿನ ಕೋಣೆಯಲ್ಲಿ ಕೂತ ಮರುಳಸಿದ್ದಪ್ಪ ಕಂಪ್ಯೂಟರಿನಿಂದ ಚೀಟಿ ಹರಿದು ಕೊಡಬೇಕು. ಪರ್ಮಿಟ್ಟು ಹತ್ತು ಟನ್ನಿಗೆ, ಲಾರಿ ಹೊತ್ತು ತರುವುದು ಹದಿನಾರು. ಹೀಗಾಗಿ ಆ ಕಾಟಾದಲ್ಲಿ ‘ಎಷ್ಟು ಬಂತು’ ಅಂತ ಯಾರೂ ಕೇಳುತ್ತಿರಲಿಲ್ಲ. ‘ಎಷ್ಟು ಬರೀಲಿ’ ಅಂತಲೇ ಕೇಳುವುದು. ಹನ್ನೊಂದು ವರ್ಷದಿಂದ ಈ ಪ್ರಶ್ನೆ ಕೇಳಿ ಕೇಳಿ ಮರುಳಸಿದ್ದಪ್ಪನಿಗೆ ಅದು ನಮಸ್ಕಾರ ಅನ್ನುವಷ್ಟೇ ಸಹಜವಾಗಿತ್ತು.

ಆ ಕಾಟಾದ್ದು ಇನ್ನೊಂದು ಸ್ವಭಾವ. ಟನ್ನುಗಟ್ಟಲೆ ತೂಗುವ ಯಂತ್ರಕ್ಕೆ ಒಂದೆರಡು ಕೆಜಿಯ ಚಿಲ್ಲರೆ ಲೆಕ್ಕ ಹಿಡಿಸುವುದಿಲ್ಲ, ಏನಿದ್ದರೂ ಹತ್ತರ ಮೇಲೆ ಹತ್ತು. ತೊಂಬತ್ತನಾಲ್ಕೂವರೆ ಕೆಜಿಯ ಮನುಷ್ಯ ಹತ್ತಿ ನಿಂತರೆ ತೊಂಬತ್ತು ಅನ್ನುತ್ತದೆ. ತೊಂಬತ್ತೈದರ ಮೇಲೆ ಕೂದಲೆಳೆ ಜಾಸ್ತಿಯಾದರೂ ನೂರು ಅನ್ನುತ್ತದೆ. ನಡುವಿನ ಮಾತೇ ಇಲ್ಲ.

ಲಾರಿ ನಿಲ್ಲುವ ಜಾಗದಲ್ಲಿ ಮನುಷ್ಯ ಯಾಕೆ ನಿಂತ ಅಂದರೆ, ಹೆಲಿಕಾಪ್ಟರಿನ ಸಲುವಾಗಿ. ಕಂಪನಿಯ ಧಣಿಗಳ ಮಗಳ ಮದುವೆ ಹೊಸಪೇಟೆಯಲ್ಲಿ. ಮದುಮಗನ ಮೆರವಣಿಗೆಯ ಮೇಲೆ ಆಕಾಶದಿಂದ ಹೂಮಳೆ ಸುರಿಸಬೇಕೆಂದು ಧಣಿಗಳು ಒಂದು ಪುಟ್ಟ ಹೆಲಿಕಾಪ್ಟರ್ ತರಿಸುವವರಿದ್ದರು. ಪೈಲಟ್ ಒಬ್ಬ, ಪಕ್ಕದಲ್ಲಿ ಕೂತು ಹೂ ಸುರಿಯುವವ ಇನ್ನೊಬ್ಬ. ಆ ಇನ್ನೊಬ್ಬ ನಮ್ಮ ಸಿಬ್ಬಂದಿಯವನೇ ಆಗಲಿ ಅಂತ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಧಣಿಗಳು ಚೀಟಿ ಎತ್ತಿಸಿದರು. ಮುನ್ನೂರು ಹೆಸರಿನೊಳಗಿಂದ ಬಂದದ್ದು ಮರುಳಸಿದ್ದಪ್ಪನ ಹೆಸರು.

ಅವನಿಗೆ ಅವತ್ತು ಕಣ್ಣಲ್ಲಿ ನೀರು ಬಂತು. ನಲವತ್ನಾಲ್ಕು ವರ್ಷದ ಜೀವನದಲ್ಲಿ ಅವನು ಹತ್ತಿದ ಅತಿ ಎತ್ತರದ ಜಾಗ ಅಂದರೆ ಸಂಡೂರು ಗುಡ್ಡದ ಬಸ್ಸಿನ ತಿರುವು. ಮೇಲಿನಿಂದ ತುಂಗಭದ್ರಾ ಡ್ಯಾಮು ಹೇಗೆ ಕಾಣುತ್ತದೆ, ಹಂಪಿಯ ಗೋಪುರ ಹೇಗೆ ಕಾಣುತ್ತದೆ, ಚಿತ್ತವಾಡಗಿಯ ತನ್ನ ಮನೆಯ ಮಾಳಿಗೆ ಹೇಗೆ ಕಾಣುತ್ತದೆ ಅಂತ ಅವನು ಚಿಕ್ಕಂದಿನಿಂದಲೂ ಯೋಚಿಸಿದವನು. ಈ ಆಸೆಯನ್ನು ಯಾರಿಗೂ ಹೇಳಿರಲಿಲ್ಲ, ನಗುತ್ತಾರೆ ಅಂತ. ಈಗ ಆಸೆ ತಾನಾಗಿ ಕೈಗೆ ಬಂದು ಕೂತಿತ್ತು.

ಆದರೆ ಮ್ಯಾನೇಜರ್ ಶ್ರೀಪತಿರಾಯರು ಅವನನ್ನು ಮೇಲಿನಿಂದ ಕೆಳಗೆ, ಮುಖ್ಯವಾಗಿ ನಡುಭಾಗದಲ್ಲಿ, ನೋಡಿ ತಲೆ ಕೆರೆದುಕೊಂಡರು. ಪೈಲಟ್ ಕಡೆಯವರು ಮೊದಲೇ ಹೇಳಿದ್ದರು. ಕೂರುವ ಮನುಷ್ಯ ತೊಂಬತ್ತೈದು ಕೆಜಿ ದಾಟಬಾರದು, ಹೂವು ಅರವತ್ತು ಕೆಜಿ ದಾಟಬಾರದು. ಚೀಟಿ ಇಲ್ಲದೆ ಶ್ರೀಪತಿರಾಯರ ಕಂಪನಿಯಲ್ಲಿ ಕಲ್ಲೂ ಅಲುಗಾಡುತ್ತಿರಲಿಲ್ಲವಾದ್ದರಿಂದ, ಹಾರುವ ದಿನದ ತಾರೀಖು ಬಿದ್ದ ಕಾಟಾ ಚೀಟಿ ಮನುಷ್ಯನಿಗೊಂದು, ಹೂವಿಗೊಂದು ಬೇಕು ಅಂತ ಅವರು ಹೇಳಿಬಿಟ್ಟರು. ಮರುಳಸಿದ್ದಪ್ಪ ಅಂದು ಕಾಟಾ ಹತ್ತಿದ. ನೂರಾಹತ್ತು ಬಂತು.

ಅಲ್ಲಿಂದ ಶುರುವಾದದ್ದು ಮೂರು ತಿಂಗಳ ವನವಾಸ. ಪಕ್ಕದ ಮನೆಯ ಇಂದಿರಾಬಾಯಿ ರಿಟೈರಾದ ಟೀಚರು, ಬೇರೆಯವರ ತಟ್ಟೆಯಲ್ಲಿ ಏನಿರಬೇಕು ಅಂತ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಪಟ್ಟಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದರು. ಬೆಳಿಗ್ಗೆ ಮೆಂತ್ಯದ ನೀರು, ಮಧ್ಯಾಹ್ನ ಎರಡು ಜೋಳದ ರೊಟ್ಟಿ ಮತ್ತು ಸೌತೆಕಾಯಿ, ಸಂಜೆ ಬೇಯಿಸಿದ ಹುರುಳಿ, ರಾತ್ರಿ ಒಂದು ರೊಟ್ಟಿ. ಹೆಂಡತಿ ತ್ರಿವೇಣಿ ಆ ಪಟ್ಟಿಯನ್ನು ಸರ್ಕಾರಿ ಆದೇಶದಂತೆ ಪಾಲಿಸಿದಳು. ಗಂಡ ಹೆಲಿಕಾಪ್ಟರ್ ಹತ್ತುತ್ತಾನೆ ಅಂತ ಓಣಿಗೆಲ್ಲ ಹೇಳಿ, ಕಂಪ್ಲಿಯ ತವರಿಗೂ ಫೋನು ಮಾಡಿ ಆಗಿತ್ತು. ಇನ್ನು ಅವನ ಹೊಟ್ಟೆ ಅವನೊಬ್ಬನ ವಿಷಯವಾಗಿ ಉಳಿದಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೂಡ ಅವನ ಕೈಗೆ ಕೊಟ್ಟರೇ ಹೊರತು ಬಾಯಿಗಲ್ಲ.

ಕಾಟಾದಲ್ಲಿ ಇನ್ನೊಂದು ಶಿಕ್ಷೆ ಕಾದಿರುತ್ತಿತ್ತು. ಸೀಟಿ ಊದಿ ಲಾರಿಗಳನ್ನು ಹಲಗೆಗೆ ಹತ್ತಿಸುವ ಹುಲುಗಪ್ಪ ಅವನ ಹತ್ತು ವರ್ಷದ ಜೊತೆಗಾರ. ವಯಸ್ಸು ನಲವತ್ತು ದಾಟಿದರೂ ಮೀಸೆಯಿಲ್ಲದ, ಕಡ್ಡಿಯಂಥ ಆಳು. ದಿನಾ ಸಂಜೆ ಎಲ್ಲಮ್ಮನ ಅಂಗಡಿಯಿಂದ ಒಗ್ಗರಣೆ ಮಂಡಕ್ಕಿ, ಒಂಬತ್ತು ಮಿರ್ಚಿ ಕಟ್ಟಿಸಿಕೊಂಡು ಬಂದು ಮರುಳಸಿದ್ದಪ್ಪನ ಎದುರಿಗೇ ಕೂತು ತಿನ್ನುತ್ತಿದ್ದ. ಹೀಗೆ ತಿಂದೂ ಅವನು ಐವತ್ತು ಕೆಜಿ ದಾಟಿದವನಲ್ಲ. ದೇವರು ಕೆಲವರಿಗೆ ಹೊಟ್ಟೆ ಕೊಡುತ್ತಾನೆ, ಕೆಲವರಿಗೆ ಬರೀ ಬಾಯಿ ಕೊಡುತ್ತಾನೆ ಅಂತ ಮರುಳಸಿದ್ದಪ್ಪ ಸೌತೆಕಾಯಿ ಕಡಿಯುತ್ತ ಯೋಚಿಸುತ್ತಿದ್ದ.

ಡಿಸೆಂಬರಿನಲ್ಲಿ ಕಾಟಾ ನೂರು ಅಂದಿತು. ಮದುವೆಗೆ ಒಂದು ವಾರವಿದ್ದಾಗ ತೊಂಬತ್ತು ಅಂದಿತು. ಹುಲುಗಪ್ಪ ಪೇಢಾ ಹಂಚಿದ, ಮರುಳಸಿದ್ದಪ್ಪನನ್ನು ಬಿಟ್ಟು ಎಲ್ಲರೂ ತಿಂದರು. ಆ ಗೆಲುವಿನ ಗುಂಗಿನಲ್ಲೇ ಮದುವೆಯ ಹಿಂದಿನ ಸಂಜೆ ಅವನು ಎಲ್ಲಮ್ಮನ ಅಂಗಡಿಯ ಮುಂದೆ ಹಾದುಹೋದದ್ದು. ಮೂರು ತಿಂಗಳಿಂದ ಮುಖ ತೋರಿಸದ ಗಿರಾಕಿಯನ್ನು ಕಂಡು ಎಲ್ಲಮ್ಮನ ಕರುಳು ಚುರ್ ಅಂದಿತು. ಹೊಟ್ಟೆಗೆ ಹಿಟ್ಟಿಲ್ಲದವನು ಜುಟ್ಟಿಗೆ ಮಲ್ಲಿಗೆ ಹೂ ಮುಡಿಸಾಕ ಹೊಂಟಾನ, ಬಾ ಯಪ್ಪಾ, ಒಂದರಾಗ ಏನಾಕ್ಕೈತಿ ಅಂದಳು. ಏನಾಯಿತು ಅನ್ನುವುದು ಮರುದಿನ ಬೆಳಿಗ್ಗೆ ಕೆಂಪು ಅಂಕಿಯಲ್ಲಿ ಬಂತು. ನೂರು.

ಮರುಳಸಿದ್ದಪ್ಪ ಇಳಿದು ಮತ್ತೆ ಹತ್ತಿದ. ನೂರು. ಚಪ್ಪಲಿ ಬಿಟ್ಟ, ಬೆಲ್ಟು ಬಿಚ್ಚಿದ, ಕೀಲಿಕೈ ಗೊಂಚಲು, ಮೊಬೈಲು, ವಾಚು ಎಲ್ಲ ಹುಲುಗಪ್ಪನ ಕೈಗೆ ಹಾಕಿ, ಬನಿಯನ್ನು ಮತ್ತು ಪಂಚೆಯಲ್ಲಿ ನಿಂತ. ನೂರು. ಹಿಂದೆ ಲಾರಿಗಳ ಸಾಲು ಬೆಳೆದು ಹಾರ್ನು ಶುರುವಾಯಿತು. ವಿಷಯ ಏನು ಅಂತ ತಿಳಿದ ಮೇಲೆ ಹಾರ್ನು ನಿಂತು ಡ್ರೈವರುಗಳು ಇಳಿದು ಬಂದರು. ಒಬ್ಬ ಟ್ಯಾಂಕ್ ಖಾಲಿ ಮಾಡಿಕೊಂಡು ಬರ್ರಿ ಅಂದ. ಮರುಳಸಿದ್ದಪ್ಪ ಬೇಲಿಯ ಆಚೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದು ನಿಂತ. ಇಪ್ಪತ್ತು ಮಂದಿ ಉಸಿರು ಬಿಗಿಹಿಡಿದು ಪರದೆ ನೋಡಿದರು, ನೂರು. ಇನ್ನೊಬ್ಬ ಉಸಿರು ಹೊರಗೆ ಬಿಟ್ಟು ನಿಲ್ಲಲು ಹೇಳಿದ. ಮತ್ತೊಬ್ಬ ಒಂಟಿಗಾಲಲ್ಲಿ ನಿಲ್ಲಿಸಿದ. ಯಂತ್ರ ಜಗ್ಗಲಿಲ್ಲ.

ಅಷ್ಟರಲ್ಲಿ ಶ್ರೀಪತಿರಾಯರ ಫೋನು ಬಂತು. ಎರಡು ಗಂಟೆಗೆ ಎರಡೂ ಚೀಟಿ ಹಿಡಿದು ಕಾಲೇಜು ಮೈದಾನದಲ್ಲಿ ಇರಬೇಕು, ತಡವಾದರೆ ಬೇರೆಯವರನ್ನು ಹತ್ತಿಸುತ್ತೇನೆ ಅಂದರು. ಮರುಳಸಿದ್ದಪ್ಪ ಫೋನು ಇಟ್ಟು ಹಲಗೆಯ ಅಂಚಿಗೆ ಕುಸಿದು ಕೂತ. ತೊಂಬತ್ತು ದಿನ ಕೈಗೆ ಬಂದ ತುತ್ತನ್ನು ಬಾಯಿಗೆ ಹಾಕದೆ ಇದ್ದದ್ದು ಒಂದು ಮಿರ್ಚಿಯಲ್ಲಿ ಹೋಯಿತಲ್ಲ ಅಂತ ಅವನಿಗೆ ನಿಜವಾಗಿಯೂ ದುಃಖವಾಯಿತು. ಮಾಳಿಗೆಯ ಮೇಲೆ ಕಂಪ್ಲಿಯ ನೆಂಟರನ್ನು ಕೂರಿಸಿಕೊಂಡು ಆಕಾಶ ನೋಡುತ್ತ ನಿಂತ ತ್ರಿವೇಣಿಯ ಮುಖ ಕಣ್ಣಮುಂದೆ ಬಂತು.

ಹುಲುಗಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಸಿದ್ದಪ್ಪಣ್ಣ, ದಿನಾ ಹದಿನಾರಕ್ಕ ಹತ್ತು ಬರೀತಿ. ನಿನ್ನ ಸಲುವಾಗಿ ನೂರಕ್ಕ ತೊಂಬತ್ತು ಬರಿಯಾಕ ಏನು ಧಾಡಿ?”

“ಲಾರಿ ಓವರ್‌ಲೋಡ್ ಆದ್ರ ಸ್ಪ್ರಿಂಗಿನ ಪಾಟಾ ಮುರಿತೈತಿ,” ಅಂದ ಮರುಳಸಿದ್ದಪ್ಪ. “ಹೆಲಿಕಾಪ್ಟರ್ ಓವರ್‌ಲೋಡ್ ಆದ್ರ ನಾನು ಮುರಿತೀನಲೇ.”

ಈ ಮಾತು ಡ್ರೈವರುಗಳಿಗೆಲ್ಲ ಸರಿಯೆನಿಸಿತು. ಹಾಗಾದರೆ ನಿಜವಾಗಿಯೇ ಇಳಿಸಬೇಕು ಅಂತ ತೀರ್ಮಾನವಾಗಿ, ಯಶವಂತನಗರದ ಕಡೆಯ ಒಬ್ಬ ಹಳೆಯ ಡ್ರೈವರು ಮದ್ದು ಹೇಳಿದ. ಲಾರಿಯ ಕ್ಯಾಬಿನ್ನಿನಲ್ಲಿ ಇಂಜಿನ್ನಿನ ಬಗಲಿಗೆ ಕೂತು, ಗಾಜು ಏರಿಸಿ, ತಾಡಪಾಲು ಹೊದ್ದುಕೊಂಡರೆ ಒಂದು ತಾಸಿನಲ್ಲಿ ಎರಡು ಕೆಜಿ ಬೆವರು ಹೋಗುತ್ತದಂತೆ. ಮರುಳಸಿದ್ದಪ್ಪನನ್ನು ಹತ್ತಿಸಿ, ತಾಡಪಾಲು ಸುತ್ತಿ, ಇಂಜಿನ್ ಚಾಲೂ ಮಾಡಿದರು. ಮೊದಲ ಹತ್ತು ನಿಮಿಷ ಅವನು ಶಿವಶಿವಾ ಅಂದ. ಆಮೇಲೆ ಅದನ್ನೂ ಬಿಟ್ಟ. ಅರ್ಧ ತಾಸಿಗೆ ಬೆವರು ಪಂಚೆಯಿಂದ ತೊಟ್ಟಿಕ್ಕಿತು. ಮುಕ್ಕಾಲು ತಾಸಿಗೆ ಉಸಿರು ಸಿಕ್ಕಿಹಾಕಿಕೊಂಡು, ತಾಡಪಾಲು ಕಿತ್ತೊಗೆದು, ಕಿಟಕಿಯ ಗಾಜು ಇಳಿಸಿ ಅರ್ಧ ಮೈ ಹೊರಗೆ ಹಾಕಿದ. ಅದೇ ಹೊತ್ತಿಗೆ ಆರು ಲಾರಿಗಳು ಸಾಲಾಗಿ ಪಕ್ಕದಲ್ಲಿ ಹಾದುಹೋದವು.

ಧೂಳು ಅಡಗಿದ ಮೇಲೆ ನೋಡಿದರೆ ಅವನು ತಲೆಯಿಂದ ಹೊಕ್ಕಳತನಕ ಕೆಂಪಗಾಗಿದ್ದ. ಬೆವರು ಎಷ್ಟು ಹೊರಗೆ ಹೋಗಿತ್ತೋ ಅಷ್ಟು ಅದಿರು ಮೈಗೆ ಹತ್ತಿತ್ತು. ಹಾಗೇ ಕಾಟಾ ಹತ್ತಿಸಿದರು. ನೂರು. ಈಗ ಇದನ್ನ ಚೀನಾಕ್ಕೆ ಕಳಿಸಬಹುದು ಅಂತ ಒಬ್ಬ ಅಂದ, ಯಾರಿಗೂ ನಗುವ ಧೈರ್ಯವಾಗಲಿಲ್ಲ. ಗಂಟೆ ಆಗಲೇ ಹನ್ನೆರಡಾಗಿತ್ತು.

ರಸ್ತೆಯ ಆಚೆ ಬದಿಗೆ ಕಾಳಪ್ಪನ ಡಬ್ಬಿ ಅಂಗಡಿ. ಕಾಳಪ್ಪ ಕ್ಷೌರಿಕ, ಇಪ್ಪತ್ತು ವರ್ಷದಿಂದ ಮರುಳಸಿದ್ದಪ್ಪನ ಮೀಸೆ ತಿದ್ದುತ್ತ ಬಂದವನು. ಅದು ಬರೀ ಮೀಸೆಯಲ್ಲ. ಎರಡು ಕಡೆಗೂ ಮೇಲಕ್ಕೆ ತಿರುವಿ, ತುದಿಗೆ ಒಂಚೂರು ಎಣ್ಣೆ ಹಚ್ಚಿದ, ಓಣಿಯಲ್ಲೇ ಹೆಸರಾದ ಮೀಸೆ. ಹೆಣ್ಣು ನೋಡಲು ಹೋದಾಗ ತ್ರಿವೇಣಿ ಮೊದಲು ನೋಡಿದ್ದು ಅದನ್ನೇ, ಒಪ್ಪಿದ್ದೂ ಅದನ್ನೇ. ಮುಖದ ಉಳಿದ ಭಾಗ ಆಕೆಗೆ ಅಭ್ಯಾಸವಾದದ್ದು ಆಮೇಲೆ.

ಕಾಳಪ್ಪ ನಾಲ್ಕು ಕೊಡ ನೀರು ಹೊಯ್ದು ಧೂಳು ತೊಳೆದ. ತಲೆಗೂದಲು ಸಣ್ಣಗೆ ಹೊಡೆದ. ಬಗಲು ಬೋಳಿಸಿದ. ಆಮೇಲೆ ಕತ್ತಿ ಹಿಡಿದುಕೊಂಡು ನಿಂತ. ಇನ್ನು ಉಳಿದದ್ದು ಒಂದೇ ಅಂತ ಇಬ್ಬರಿಗೂ ಗೊತ್ತಿತ್ತು.

“ಬ್ಯಾಡ ಅಣ್ಣಾ,” ಅಂದ ಕಾಳಪ್ಪ. “ನನ್ನ ಕೈಲೆ ಆಗಂಗಿಲ್ಲ.”

“ತಗೀ,” ಅಂದ ಮರುಳಸಿದ್ದಪ್ಪ, ಕಣ್ಣು ಮುಚ್ಚಿಕೊಂಡು. “ಮೀಸಿ ಮತ್ತ ಬರತೈತಿ. ಹೆಲಿಕಾಪ್ಟರ್ ಮತ್ತ ಬರಂಗಿಲ್ಲ.”

ಮೀಸೆ ಹೋಯಿತು. ಬೋಳು ಮುಖ ಹೊತ್ತು ಅವನು ರಸ್ತೆ ದಾಟಿ ಬಂದು, ದೇವರ ಗುಡಿಯ ಮೆಟ್ಟಿಲು ಹತ್ತುವಂತೆ ಬಲಗಾಲು ಮುಂದಿಟ್ಟು ಹಲಗೆ ಹತ್ತಿದ. ಕೆಂಪು ಅಂಕಿ ನೂರಕ್ಕೆ ಹೋಯಿತು, ಒಂದು ಕ್ಷಣ ಮಿಣಮಿಣ ಅಂದಿತು, ತೊಂಬತ್ತಕ್ಕೆ ಬಂದು ನಿಂತಿತು.

ಡ್ರೈವರುಗಳೆಲ್ಲ ಒಟ್ಟಿಗೆ ಹಾರ್ನು ಹೊಡೆದರು. ಬೇವಿನ ಮರದ ಕಾಗೆಗಳು ಎದ್ದುಹೋದವು. ಹುಲುಗಪ್ಪ ಸೀಟಿ ಊದುತ್ತ ಕುಣಿದ. ಕಾಳಪ್ಪ ಮಾತ್ರ ತನ್ನ ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹತ್ತು ಕೆಜಿ ಮೀಸೆ ತೆಗೆದ ಕೈ ಇದು ಅಂತ ಅವನು ಮುಂದೆ ಎಷ್ಟೋ ವರ್ಷ ಗಿರಾಕಿಗಳಿಗೆ ಹೇಳುತ್ತಿದ್ದ, ಸಂಡೂರು ಕಡೆಯ ಕೆಲವರು ಇವತ್ತಿಗೂ ಅದನ್ನು ನಂಬುತ್ತಾರೆ. ಮರುಳಸಿದ್ದಪ್ಪ ತನ್ನ ಚೀಟಿ ತಾನೇ ಹೊಡೆದ. ವಾಹನ ಸಂಖ್ಯೆ ಅನ್ನುವಲ್ಲಿ ತನ್ನ ಹೆಸರು ಹಾಕಿದ, ಸರಕು ಅನ್ನುವಲ್ಲಿ ಇಲ್ಲ ಅಂತ ಹಾಕಿದ, ತೂಕ ಅನ್ನುವಲ್ಲಿ ತೊಂಬತ್ತು ಹಾಕಿದ. ಹನ್ನೊಂದು ವರ್ಷದಲ್ಲಿ ಅವನು ಬರೆದ ಮೊದಲ ನಿಜವಾದ ಚೀಟಿ ಅದು, ಅವನಿಗೆ ಅದರ ಮೇಲೆ ಬಹಳ ಪ್ರೀತಿ ಬಂತು.

ಆ ಸಂತೋಷದಲ್ಲಿ ಅವನು ಕೋಣೆಯ ಕನ್ನಡಿಯ ಮುಂದೆ ನಿಂತು ಬೋಳು ತುಟಿ ಸವರಿಕೊಳ್ಳುತ್ತಿದ್ದಾಗಲೇ ಹೂವಿನ ಗಾಡಿ ಬಂತು. ಹುಲುಗಪ್ಪ ಮತ್ತು ಗಾಡಿಯವನು ನಾಲ್ಕು ಚೀಲ ಚೆಂಡು ಹೂವನ್ನು ಹಲಗೆಯ ಮೇಲೆ ಇಳಿಸಿದರು. ಬಾಡಬಾರದು ಅಂತ ನೀರು ಹೊಡೆದೇವ್ರಿ ಅಂದ ಗಾಡಿಯವನು. ಗಂಟೆ ಒಂದೂವರೆ. ಮರುಳಸಿದ್ದಪ್ಪ ಕನ್ನಡಿಯಿಂದ ಕಣ್ಣು ಕೀಳದೆ ಕೇಳಿದ, ಎಷ್ಟು ಬರೀಲಿ? ಅರವತ್ತು ಅಂತ ಮ್ಯಾನೇಜರ್ ಸಾಹೇಬ್ರು ಹೇಳ್ಯಾರ ಅಂದ ಗಾಡಿಯವನು. ಮರುಳಸಿದ್ದಪ್ಪ ಅರವತ್ತು ಒತ್ತಿ, ಚೀಟಿ ಹರಿದು, ಸಹಿ ಹಾಕಿ, ಅದೇ ಗಾಡಿ ಹತ್ತಿ ಹೊಸಪೇಟೆಗೆ ಹೊರಟ. ಚೀಲ ಇಳಿಸಲು ಆಳು ಬೇಕಲ್ಲ ಅಂತ ಹುಲುಗಪ್ಪನೂ ಹಿಂದೆ ಹತ್ತಿಕೊಂಡ.

ಕಾಲೇಜು ಮೈದಾನದಲ್ಲಿ ಶಾಮಿಯಾನ ಹಾಕಿ ದೊಡ್ಡ ಅತಿಥಿಗಳನ್ನು ಕೂರಿಸಿದ್ದರು. ಮುಂದಿನ ಸಾಲಿನ ಸೋಫಾದಲ್ಲಿ ಸಫಾರಿ ತೊಟ್ಟ, ಗಣಿ ಇಲಾಖೆಯ ಒಬ್ಬ ಸಾಹೇಬರು. ತಿಂಗಳಿಗೊಮ್ಮೆ ಬಂದು ಕಾಟಾ ಚೀಟಿಗಳ ಕಟ್ಟು ತಪಾಸಣೆ ಮಾಡಿ, ಎಲ್ಲ ಸರಿ ಇದೆ ಅಂತ ಬರೆದು ಹೋಗುವವರು ಅವರೇ. ಶ್ರೀಪತಿರಾಯರು ಎರಡೂ ಚೀಟಿ ನೋಡಿ, ಮೀಸೆಯಿಲ್ಲದ ಮುಖ ನೋಡಿ, ಒಂದು ಕ್ಷಣ ಗುರುತು ಹತ್ತದೆ ಯಾರು ನೀವು ಅಂತ ಕೇಳಿದರು. ಗುರುತು ಹತ್ತಿದ ಮೇಲೆ ಬೆನ್ನು ತಟ್ಟಿ, ಜರಿಯಂಚಿನ ಕೇಸರಿ ಪೇಟವೊಂದನ್ನು ಅವನ ತಲೆಗೆ ಇಟ್ಟರು.

ಮರುಳಸಿದ್ದಪ್ಪ ಹೆಲಿಕಾಪ್ಟರ್ ಹತ್ತಿ ಕೂತ. ಕಾಲ ಬುಡದಲ್ಲಿ ಎರಡು ಚೀಲ, ಹಿಂದೆ ಎರಡು ಚೀಲ. ಬೆಲ್ಟು ಅವನ ನಡು ಸುತ್ತಿ ಕಟಕ್ ಅಂತ ಕೂತಾಗ ಅವನಿಗೆ ಅಳುವೇ ಬಂತು, ಅಷ್ಟು ಸುಖವಾಗಿತ್ತು. ರೆಕ್ಕೆ ತಿರುಗಿತು. ಮೈದಾನದ ಹುಲ್ಲು ಮಲಗಿತು. ನೆಲ ಒಂದು ಗೇಣು ಕೆಳಗೆ ಹೋಯಿತು.

ಆ ಒಂದು ಗೇಣಿನಲ್ಲಿ ಮರುಳಸಿದ್ದಪ್ಪನಿಗೆ ತನ್ನ ಬಗ್ಗೆ ಒಂದು ಹೊಸ ವಿಷಯ ಗೊತ್ತಾಯಿತು. ಅವನು ಎರಡೂ ಕೈಯಿಂದ ಕೂತ ಸೀಟನ್ನು ಅವುಚಿ ಹಿಡಿದ. ಡ್ಯಾಮು ಬೇಡ, ಗೋಪುರ ಬೇಡ, ನೆಲ ಒಂದು ಇದ್ದರೆ ಸಾಕು ಅನ್ನಿಸಿತು. ಇಳಿಸಪ್ಪಾ ಅಂತ ಕೂಗಿದ್ದು ರೆಕ್ಕೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಹೆಲಿಕಾಪ್ಟರ್ ತಾನಾಗಿಯೇ ದೊಪ್ಪನೆ ನೆಲಕ್ಕೆ ಕೂತಿತು. ಪೈಲಟ್ ಮತ್ತೊಮ್ಮೆ ಎಬ್ಬಿಸಿ ನೋಡಿದ. ಮತ್ತೆ ಒಂದು ಗೇಣು, ಮತ್ತೆ ದೊಪ್ಪನೆ. ಪೈಲಟ್ ಇಂಜಿನ್ ಇಳಿಸಿ, ಕಿವಿಯ ಮೇಲಿನ ಡಬ್ಬಿ ತೆಗೆದು, ಇಡೀ ಶಾಮಿಯಾನಕ್ಕೆ ಕೇಳುವಂತೆ ಅಂದ, “ಓವರ್‌ಲೋಡ್ ಹೈ!”

ಹನ್ನೊಂದು ವರ್ಷ ಯಾವ ಚೀಟಿಯಲ್ಲೂ ಬರಗೊಡದ ಶಬ್ದ ಅದು. ಎಲ್ಲರ ಕಣ್ಣು ನೇರವಾಗಿ ಮರುಳಸಿದ್ದಪ್ಪನ ಹೊಟ್ಟೆಗೆ ಹೋಯಿತು. ಹೂವನ್ನು ಯಾರೂ ನೋಡಲಿಲ್ಲ, ಹೂವು ಹಗುರ ಅಂತ ಜಗತ್ತಿಗೇ ಗೊತ್ತು.

ಶ್ರೀಪತಿರಾಯರು ಚೀಟಿಯನ್ನು ಅವನ ಮೂಗಿನ ಮುಂದೆ ಹಿಡಿದರು. “ಮರುಳಸಿದ್ದಪ್ಪ, ಖರೇ ಹೇಳ್ರಿ. ಈ ತೊಂಬತ್ತು ಬಂದದ್ದೋ, ಬರೆದದ್ದೋ?”

ಅವನು ಬಾಯಿ ತೆರೆದ. ಆಗ ಕಾಲ ಬುಡದ ಚೀಲದಿಂದ ತಣ್ಣನೆಯ ನೀರು ಅವನ ಹೆಬ್ಬೆರಳ ಮೇಲೆ ತೊಟ್ಟಿಕ್ಕಿತು. ಕನ್ನಡಿಯ ಮೂಲೆಯಲ್ಲಿ ಕಂಡೂ ಕಾಣದಂತಿದ್ದ ಕೆಂಪು ಅಂಕಿ ಈಗ ಅವನಿಗೆ ಸ್ಪಷ್ಟವಾಗಿ ನೆನಪಾಯಿತು. ನೂರಾಹತ್ತು. ಮೂರು ತಿಂಗಳ ಹಿಂದೆ ತಾನು ಇದ್ದಷ್ಟೇ ತೂಕ. ಮನುಷ್ಯನ ಚೀಟಿ ನಿಜ, ಹೂವಿನ ಚೀಟಿ ಸುಳ್ಳು. ತಾನು ನಿಜ ಅಂತ ತೋರಿಸಬೇಕಾದರೆ ಹೂವಿನ ಚೀಟಿ ಸುಳ್ಳು ಅನ್ನಬೇಕು. ಅದರ ಕೆಳಗೆ ಇರುವುದು ತನ್ನದೇ ಸಹಿ. ಒಂದು ಚೀಟಿ ಸುಳ್ಳು ಅಂದರೆ ಉಳಿದವುಗಳ ಕತೆ ಏನು ಅಂತ ಸೋಫಾದ ಮೇಲಿನ ಸಾಹೇಬರು ಕೇಳಬಹುದು. ಸಾಹೇಬರು ಆಗಲೇ ಕನ್ನಡಕ ಸರಿಮಾಡಿಕೊಂಡು ಇತ್ತ ನೋಡುತ್ತಿದ್ದರು, ಅವರ ಹಣೆಯ ಮೇಲೂ ಸ್ವಲ್ಪ ಬೆವರಿತ್ತು.

“ಬರೆದದ್ದು ಸರ್,” ಅಂದ ಮರುಳಸಿದ್ದಪ್ಪ.

ಅವನು ಬರೆದ ಒಂದೇ ಒಂದು ನಿಜ ಹೀಗೆ ಅವನ ಬಾಯಿಂದಲೇ ಸುಳ್ಳಾಯಿತು. ಸಾಹೇಬರು ನಿರಾಳವಾಗಿ ಸೋಫಾಕ್ಕೆ ಒರಗಿದರು. ಶ್ರೀಪತಿರಾಯರು ಛೆ ಅಂದು, ಇವನಿಗಿಂತ ಹಗುರಾದವರು ಯಾರಿದ್ದೀರಿ ಅಂತ ಸುತ್ತ ನೋಡಿದರು. ಹಗುರ ಅಂದರೆ ಹುಲುಗಪ್ಪ, ಅದಕ್ಕೆ ಕಾಟಾ ಬೇಕಾಗಿರಲಿಲ್ಲ. ಅವನು ಬ್ಯಾಡ್ರಿ ಬ್ಯಾಡ್ರಿ ಅನ್ನುತ್ತಿರುವಾಗಲೇ ಅವನನ್ನು ಎತ್ತಿ ಕೂರಿಸಿ, ಬೆಲ್ಟು ಬಿಗಿದು, ಮರುಳಸಿದ್ದಪ್ಪನ ತಲೆಯ ಪೇಟ ತೆಗೆದು ಅವನ ತಲೆಗೆ ಇಟ್ಟರು. ಅದು ಮೂಗಿನವರೆಗೆ ಇಳಿಯಿತು. ಹೆಲಿಕಾಪ್ಟರ್ ಸ್ವಲ್ಪ ಮುಲುಗಿ, ಮೇಲೆದ್ದು, ಊರ ಕಡೆ ತಿರುಗಿತು.

ಮರುಳಸಿದ್ದಪ್ಪ ಎರಡೂ ಪಾದ ಊರಿ ನೆಲವನ್ನು ಒತ್ತಿ ನೋಡಿದ. ಗಟ್ಟಿಯಾಗಿತ್ತು. ಸುತ್ತಲಿನವರು ಏನೇನೋ ಅನ್ನುತ್ತಿದ್ದರು, ಅವನಿಗೆ ಬೇಸರವಾಗಲಿಲ್ಲ. ಬದುಕಿದೆಯಾ ಬಡಜೀವವೇ ಅಂದುಕೊಂಡು, ಯಾರ ಕಡೆಗೂ ನೋಡದೆ, ಮದುವೆ ಮಂಟಪದ ಊಟದ ಚಪ್ಪರ ಹುಡುಕಿಕೊಂಡು ನಡೆದ.

ತೊಂಬತ್ತು ದಿನದ ಮೇಲೆ ಎಲೆಗೆ ಬಿದ್ದ ಮೊದಲ ಹೋಳಿಗೆಯನ್ನು ಅವನು ತುಪ್ಪದಲ್ಲಿ ಮುಳುಗಿಸಿ ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿಯದೆ ಹಾಗೇ ಇಟ್ಟುಕೊಂಡ. ಇದಕ್ಕಿಂತ ಎತ್ತರ ಯಾವ ಹೆಲಿಕಾಪ್ಟರ್ ಕರೆದೊಯ್ಯುತ್ತದೆ? ಎಂಟು ಹೋಳಿಗೆಯವರೆಗೆ ಅವನು ಎಣಿಸಿದ, ಆಮೇಲೆ ಎಣಿಸುವವರು ಯಾರು. ಹೊರಗೆ ಮೆರವಣಿಗೆಯ ಮೇಲೆ ಹೂಮಳೆ ಬಿತ್ತು. ಒದ್ದೆಯಾದ ಹೂವು ಬಿಡಿಬಿಡಿಯಾಗದೆ ಮುದ್ದೆಮುದ್ದೆಯಾಗಿ ಬಿದ್ದು, ಬ್ಯಾಂಡಿನವರ ದೊಡ್ಡ ಡೋಲು ಹರಿಯಿತಂತೆ. ಹೂವು ಎಷ್ಟಿತ್ತು ಅಂತ ಡೋಲಿನವನಿಗಾದರೂ ಗೊತ್ತಾಯಿತಲ್ಲ ಅಂತ ಮರುಳಸಿದ್ದಪ್ಪ ಪಾಯಸ ಸುರಿದುಕೊಂಡ.

ಕೈ ತೊಳೆಯುವಲ್ಲಿ ಹುಲುಗಪ್ಪ ಸಿಕ್ಕಿದ, ಮುಖ ಸುಣ್ಣದಂತೆ ಬೆಳ್ಳಗಿತ್ತು. ಡ್ಯಾಮು ಹೆಂಗ ಕಾಣತೈತಲೇ ಅಂತ ಮರುಳಸಿದ್ದಪ್ಪ ಆಸೆಯಿಂದ ಕೇಳಿದ.

“ಕಣ್ಣು ತಗದಿದ್ರ ಹೇಳ್ತಿದ್ದೆ ಅಣ್ಣಾ,” ಅಂದ ಹುಲುಗಪ್ಪ. “ಹತ್ತಿದಾಗ ಮುಚ್ಚಿದ್ದು ಇಳಿದಾಗ ತಗದೀನಿ. ಇಳಸ್ರೋ ಇಳಸ್ರೋ ಅಂತ ಕೈ ಬೀಸಿ ಬೀಸಿ ರಟ್ಟಿ ನೋಯಾಕತ್ತೈತಿ.”

ಇದನ್ನು ಕೇಳಿ ಮರುಳಸಿದ್ದಪ್ಪನಿಗೆ ಮನಸ್ಸಿನಲ್ಲಿ ಉಳಿದಿದ್ದ ಕೊನೆಯ ಸಂಕಟವೂ ಹೋಯಿತು. ಆದರೆ ಮನೆಯ ದಾರಿ ಹಿಡಿದಂತೆ ಕಾಲು ಭಾರವಾಗತೊಡಗಿತು. ತ್ರಿವೇಣಿಗೆ ಏನು ಹೇಳುವುದು? ಮೂರು ತಿಂಗಳು ಓಣಿಗೆಲ್ಲ ಹೇಳಿಕೊಂಡು ತಿರುಗಿದವಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ, ಹಾಗನ್ನಲು ಮೀಸೆಯಾದರೂ ಇರಬೇಕಲ್ಲ. ಬೋಳು ಮುಖ ಕಾಣದಂತೆ ಟವೆಲ್ಲನ್ನು ಮೂಗಿನ ಮೇಲೆ ಸುತ್ತಿಕೊಂಡು ಸಂಜೆ ಆರಕ್ಕೆ ಅವನು ಓಣಿ ಹೊಕ್ಕ.

ಮನೆಯ ಕಟ್ಟೆಯ ಮೇಲೆ ಜಗಳ ನಡೆದಿತ್ತು. ತ್ರಿವೇಣಿಯ ಕಣ್ಣು ಕೆಂಪಗಿದ್ದವು. ಕಂಪ್ಲಿಯ ನೆಂಟರು ತಲೆ ತಗ್ಗಿಸಿ ಕೂತಿದ್ದರು. ಇಂದಿರಾಬಾಯಿ ನಡುವೆ ನಿಂತು ಪಾಠ ಮಾಡುತ್ತಿದ್ದರು. ಹೆಲಿಕಾಪ್ಟರ್ ಓಣಿಯ ಮೇಲೆ ಎರಡು ಸುತ್ತು ಹಾಕಿತ್ತು, ಒಣಹಾಕಿದ ಸೀರೆ ಹಾರಿಹೋಗುವಷ್ಟು ಕೆಳಗೆ. ಪೇಟ ಕಟ್ಟಿದವನು ಕೈ ಬೀಸಿದ್ದನ್ನು ಎಲ್ಲರೂ ಕಂಡಿದ್ದರು.

“ತ್ರಿವೇಣಿ, ನಾ ಕಣ್ಣಾರೆ ನೋಡೇನಿ,” ಅನ್ನುತ್ತಿದ್ದರು ಇಂದಿರಾಬಾಯಿ. “ಪೇಟದ ಕೆಳಗ ಮೀಸಿ ಇರಲಿಲ್ಲ. ಮೀಸಿ ಇಲ್ಲದವ ನಿನ್ನ ಗಂಡ ಹೆಂಗ ಆಗ್ತಾನ? ಅವರು ಯಾರೋ ಬ್ಯಾರೆ.”

ಅದೇ ಹೊತ್ತಿಗೆ ಮರುಳಸಿದ್ದಪ್ಪ ಕಟ್ಟೆಯ ಮುಂದೆ ಬಂದು ನಿಂತದ್ದು. ತ್ರಿವೇಣಿ ಎದ್ದು ಬಂದು ಅವನ ಮುಖದ ಟವೆಲ್ಲನ್ನು ಎಳೆದಳು. ಕಂಪ್ಲಿಯ ನೆಂಟರು ತಲೆ ಎತ್ತಿದರು. ಆಮೇಲೆ ಆಕೆಯ ಮುಖ ಅರಳಿದ ರೀತಿ ನೋಡಿ ಮರುಳಸಿದ್ದಪ್ಪನಿಗೆ, ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

“ನೋಡ್ರಿ ಇಂದಿರಕ್ಕಾ, ನೋಡ್ರಿ!” ಅಂದಳು ತ್ರಿವೇಣಿ, ಅಳುತ್ತ ನಗುತ್ತ. “ಇವ್ರಾ ಅಂತ ನಾ ಹೇಳಿದ್ದಿಲ್ಲೇನು? ಮ್ಯಾಲೆ ಎಷ್ಟು ಸಣ್ಣ ಕಂಡ್ರು ನೋಡ್ರಿ, ಹುಲುಗಪ್ಪಣ್ಣನಂಗ ಕಾಣ್ತಿದ್ರು.”

ಇಂದಿರಾಬಾಯಿ ಕನ್ನಡಕ ಒರೆಸಿಕೊಂಡು, ಹತ್ತಿರ ಬಂದು ನೋಡಿ, ಸೋಲು ಒಪ್ಪಿಕೊಂಡರು. ಮರುಳಸಿದ್ದಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಡ್ಯಾಮು ಹೆಂಗ ಕಂಡಿತು ಅಂತ ನೆಂಟರು ಕೇಳಿದಾಗ, ಎಲ್ಲಾ ಸಣ್ಣದು ಕಾಣತೈತಿ ಅಂತ ಮಾತ್ರ ಹೇಳಿದ. ಕಂಪನಿಯಲ್ಲಿ ಅವನು ನೂರು, ಮನೆಯಲ್ಲಿ ತೊಂಬತ್ತು. ಗುಡ್ಡದಿಂದ ಇಳಿಯುವ ಪ್ರತಿ ಲಾರಿಯ ಪಾಡೂ ಇದೇ ಅಲ್ಲವೇ ಅಂದುಕೊಂಡಾಗ ಎದೆಯ ಮೇಲಿನ ಹದಿನಾರು ಟನ್ನು ಇಳಿದಂತಾಯಿತು. ಅವನಿಗೆ ಗಟ್ಟಿಯಾಗಿ ನಗಬೇಕೆನಿಸಿತು.

ತ್ರಿವೇಣಿ ತಟ್ಟೆ ತಂದಿಟ್ಟಳು. ಒಂದು ರೊಟ್ಟಿ, ಪಟ್ಟಿಯ ಪ್ರಕಾರ. ಹೊಟ್ಟೆಯಲ್ಲಿ ಹೋಳಿಗೆಗಳು ಕಾಲು ಚಾಚಲೂ ಜಾಗವಿಲ್ಲದೆ ಕೂತಿದ್ದವು. ಮರುಳಸಿದ್ದಪ್ಪ ಅರ್ಧ ಮುರಿದು ತಿಂದು ಉಳಿದದ್ದನ್ನು ಮೆಲ್ಲಗೆ ಸರಿಸಿದ. ಯಾಕ್ರಿ ಅಂತ ಆಕೆ ಕೇಳಿದಳು.

“ಸಾಕು,” ಅಂದ ಅವನು. “ಹಸಿವಿಲ್ಲ.”

ನೆಂಟರು ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಅಡುಗೆಮನೆಗೆ ಹೋದ ಇಂದಿರಾಬಾಯಿ ಗೋಡೆಯ ಪಟ್ಟಿ ಕಿತ್ತು ತಂದರು. ಮುಗಿಯಿತು, ಹರಿದೊಗೆಯುತ್ತಾರೆ ಅಂತ ಮರುಳಸಿದ್ದಪ್ಪ ನಿಟ್ಟುಸಿರು ಬಿಟ್ಟ. ಆದರೆ ಅವರು ಕಟ್ಟೆಯ ದೀಪದ ಕೆಳಗೆ ಕೂತು, ಹಾಳೆಯನ್ನು ತೊಡೆಯ ಮೇಲೆ ಇಟ್ಟು, ಹಳೆಯದನ್ನು ಹೊಡೆದುಹಾಕಿ ಪೆನ್ನು ಹಿಡಿದರು.

“ಇಷ್ಟು ಛಲೋ ಹೊಂದಿಕೊಂಡದ, ಇನ್ನ ಬಿಡಬಾರದು,” ಅಂದು ತ್ರಿವೇಣಿಯ ಕಡೆ ನೋಡಿದರು. “ರಾತ್ರಿ ಊಟಕ್ಕ ಎಷ್ಟು ಬರೀಲಿ?”

“ಅರ್ಧ ಬರೀರಿ,” ಅಂದಳು ತ್ರಿವೇಣಿ.